ಭದ್ರಾವತಿಯ ಕುಲುಮೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಕನ್ನಂಬಾಡಿ ಕಟ್ಟೆಯ ಬಳಿಯೇ ನಿಂತುಬಿಡುತ್ತೇವೆ. ಅವರ ವೃತ್ತಿಜೀವನ ಅರಳಿದ್ದು ನಾವಿರುವ ಈ ನೆಲದಲ್ಲಿ ಎಂಬುದು ಮುಂಬಯಿ ಕನ್ನಡಿಗರಾದ ನಮಗೆ ಅಭಿಮಾನದ ಸಂಗತಿ. ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಖಡಕವಾಸಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದು 1903ರಲ್ಲಿ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಉತ್ತಮ ಅದಿರಿತ್ತು. ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ. ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲಾಗಿಸಿ ಅದರಿಂದಲೇ ಕಬ್ಬಿಣ ಕರಗಿಸುವ ಯೋಜನೆ ಸಿದ್ಧವಾಯಿತು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸಕ್ಕೆ ಚಾಲನೆ ದೊರೆಯಿತು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ತೊರೆದರು.

1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಗುವ ವೇಳೆಗೆ ಮಹಾಯುದ್ಧ ಕಾಲದ ಬೆಲೆಗಳು ಕುಸಿದಿದ್ದವು. ಕಾರ್ಖಾನೆ ನಷ್ಟಕ್ಕಿಳಿಯಿತು. ಅರವತ್ತು ದಾಟಿದ್ದ ಮಾಜಿ ದಿವಾನರನ್ನೇ ಸರ್ಕಾರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತಂದಿತು. ಜಮಾಖರ್ಚಿನ ಪುಸ್ತಕಗಳ ನಡುವೆಯೇ ಆಯುಷ್ಯ ಕಳೆದ ಬ್ಯಾಂಕ್ ನೌಕರರಾದ ನಮಗೆ, ಅಣೆಕಟ್ಟೆಗಳಿಗಿಂತ ಅವರ ಬದುಕಿನ ಈ ಆರು ವರ್ಷಗಳೇ ಹೆಚ್ಚು ಆಪ್ತವೆನಿಸುತ್ತವೆ. ಅವರು ವೆಚ್ಚಕ್ಕೆ ಕಡಿವಾಣ ಹಾಕಿದರು. ದುಬಾರಿ ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮವರನ್ನು ತರಬೇತುಗೊಳಿಸಿ ಕೂರಿಸಿದರು. ಸೌದೆಯನ್ನು ಇದ್ದಿಲು ಮಾಡುವಾಗ ದೊರೆಯುವ ಮದ್ಯಸಾರ, ಡಾಂಬರುಗಳೂ ವ್ಯರ್ಥವಾಗದೆ ಮಾರಾಟವಾಗಬೇಕಿತ್ತು. 1929ರಲ್ಲಿ ಅವರು ನಿರ್ಗಮಿಸುವ ಹೊತ್ತಿಗೆ ಮುಳುಗುತ್ತಿದ್ದ ಉದ್ಯಮ ದಡ ಕಂಡಿತ್ತು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. ಅದು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯೊಂದರ ಸ್ಥಾಪನೆಗೆ ಸಂದು, 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ ತಲೆಯೆತ್ತಿತು.

1936ರಲ್ಲಿ ಉಕ್ಕಿನ ತಯಾರಿಕೆಯೂ ಆರಂಭವಾಗಿ, ಕಾರ್ಖಾನೆಯ ಸುತ್ತ ಊರು ಬೆಳೆಯಿತು. ಕಾರ್ಖಾನೆಯ ಸೈರನ್ನಿಗೆ ಮನೆಮನೆಯ ದಿನಚರಿ ಹೊಂದಿಕೊಂಡಿತು. 1955ರಲ್ಲಿ ಭಾರತರತ್ನ ಸ್ವೀಕರಿಸಿದ ವಿಶ್ವೇಶ್ವರಯ್ಯನವರು 1962ರಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಮುಂದೆ ಕಾರ್ಖಾನೆಗೆ ಅವರ ಹೆಸರೇ ನಿಂತಿತು.

1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಖಾಸಗಿಯವರಿಗೆ ಮಾರುವ ಯತ್ನ ಫಲಿಸದೆ, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ವಸತಿ ಗೋಪುರಗಳು ಎದ್ದದ್ದನ್ನು ಕಣ್ಣಾರೆ ಕಂಡಿರುವ ಠಾಣೆ, ಡೊಂಬಿವಲಿಯ ನಮಗೆ ಆ ಸುದ್ದಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭದ್ರಾವತಿಯ ಕಾರ್ಮಿಕರು, ಗುತ್ತಿಗೆ ನೌಕರರೂ ಸೇರಿ, ಧರಣಿ ಕುಳಿತರು. ಆ ವರ್ಷದ ಆಗಸ್ಟಿನಲ್ಲಿ ಸರಳು ತಯಾರಿಕೆಯ ಘಟಕವೊಂದು ಮತ್ತೆ ತಿರುಗಿತು.