ಭೂಕಾಂತದ ದಾಖಲೆ ಕಾಯ್ದ ಮೂಸ್ ಮಹಾಶಯರು

ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್ ಅವರು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಪ್ರಥಮ ಭಾರತೀಯ ನಿರ್ದೇಶಕರು. 1859ರಲ್ಲಿ ಪಾರ್ಸಿ ಮನೆತನದಲ್ಲಿ ಜನಿಸಿ, 1896ರಲ್ಲಿ ಆ ಹೊಣೆ ಹೊತ್ತರು. ಸೂರ್ಯನಲ್ಲಿ ಕ್ಷೋಭೆಯೆದ್ದಾಗ ಭೂಮಿಯ ಕಾಂತಕ್ಷೇತ್ರವೂ ಕಂಪಿಸುವುದುಂಟು. ಅದನ್ನು ಅಲ್ಲಿ ನಿತ್ಯವೂ ಅಳೆಯಲಾಗುತ್ತಿತ್ತು. ಕುದುರೆ ಟ್ರಾಮುಗಳ ಬದಲು ವಿದ್ಯುತ್ ಟ್ರಾಮುಗಳು ಬರುವುದು ಖಚಿತವಾದಾಗ, ಸೂಕ್ಷ್ಮ ಅಳತೆಗಳೆಲ್ಲ ಕೆಡುವ ಭೀತಿ ಎದುರಾಯಿತು. ಮೂಸ್ ಅವರು ಅಲಿಬಾಗನ್ನು ಆರಿಸಿ, ಕಾಂತಗುಣವಿಲ್ಲದ ಸಾಮಗ್ರಿಗಳಿಂದಲೇ ಹೊಸ ವೀಕ್ಷಣಾಲಯ ಕಟ್ಟಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲದಲ್ಲಿ ಅಳೆಯಿಸಿ, ಹಳೆಯ ದಾಖಲೆಗೆ ಹೊಸದನ್ನು ಬೆಸೆದರು. 1846ರಿಂದ 1905ರವರೆಗಿನ ಕೊಲಾಬಾ ದಾಖಲೆಗಳನ್ನು 1910ರಲ್ಲಿ ಪ್ರಕಟಿಸಿದರು. 1936ರಲ್ಲಿ ಅವರು ನಿಧನರಾದರು. ಅಲಿಬಾಗಿನ ಕಡಲತೀರಕ್ಕೆ ವಿಹಾರಕ್ಕೆಂದು ಹೋಗುವ ನಾವು, ಆ ಸರಪಣಿ ಕಡಿಯದಂತೆ ಕಾಯ್ದ ಈ ಹಿರಿಯರನ್ನು ಒಮ್ಮೆ ಸ್ಮರಿಸೋಣ.