ಮೊದಲ ಪಂದ್ಯ ಮತ್ತು ರಹೀಮ್ ಸಾಹೇಬರು

ಹಳಿಯಾಳ ಎಂದರೆ ಕುಸ್ತಿ ಎನ್ನುತ್ತಾರೆ. ಸಂಜೆಯಾದರೆ ಬಯಲು ಇದ್ದಲ್ಲೆಲ್ಲ ಕ್ರಿಕೆಟ್ ನಡೆಯುತ್ತದೆ. ಆದರೂ ದಾಂಡೇಲಿಯಿಂದ ಮುಂಡಗೋಡದ ಟಿಬೆಟನ್ ಕ್ಯಾಂಪಿನವರೆಗೆ ಫುಟ್‌ಬಾಲ್ ಹುಚ್ಚು ಹಿಡಿದವರು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. ಈ ವರ್ಷ ನಮ್ಮ ಕಾಲೇಜು ತಂಡದ ಮೊದಲ ಪಂದ್ಯ ನಮ್ಮದೇ ಮೈದಾನದಲ್ಲಿ ಇರುವುದರಿಂದ ಎಲ್ಲ ತರಗತಿಗಳಲ್ಲೂ ಅದೇ ಮಾತು. ಗೆದ್ದರೆ ಈ ವರ್ಷ ನಮ್ಮದು, ಸೋತರೆ ಎಲ್ಲ ಮುಗಿದಂತೆ ಎಂಬುದು ಅಭಿಮಾನಿಗಳ ಲೆಕ್ಕ. ಈ ಲೆಕ್ಕ ಸರಿಯೇ? ಭಾರತದ ಫುಟ್‌ಬಾಲ್ ತಂಡದ ಮಹಾನ್ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಅವರ ಜೀವನವನ್ನು ನೋಡಿದರೆ ಉತ್ತರ ಸಿಗುತ್ತದೆ. 2024ರಲ್ಲಿ ಬಂದ ‘ಮೈದಾನ್’ ಸಿನಿಮಾ ನೋಡಿದವರಿಗೆ ಅವರ ಹೆಸರು ಗೊತ್ತಿರುತ್ತದೆ.

ರಹೀಮ್ ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜ್ಯ. ಈಗ ನಮ್ಮ ಕರ್ನಾಟಕದಲ್ಲಿರುವ ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ರಾಜ್ಯಕ್ಕೆ ಸೇರಿದ್ದವು. ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಅಲ್ಲಿನ ತಂಡದಲ್ಲಿ ಆಡಿದರು. ಪದವಿ ಮುಗಿಸಿ ಶಾಲಾ ಶಿಕ್ಷಕರಾದರು. ನಂತರ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಮಕ್ಕಳಿಗೆ ಆಟ ಕಲಿಸಿದರು. ಆಟಗಾರರೆಲ್ಲ ಅವರನ್ನು ರಹೀಮ್ ಸಾಹೇಬ್ ಎಂದೇ ಕರೆಯುತ್ತಿದ್ದರು. ಕೊನೆಯವರೆಗೂ ಅವರ ಸ್ವಭಾವದಲ್ಲಿ ಒಬ್ಬ ಮೇಷ್ಟ್ರು ಇದ್ದರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಹುಡುಗರಿಗಾಗಿ ಹೊಸ ಬಗೆಯ ಪಂದ್ಯಾವಳಿಗಳನ್ನು ನಡೆಸಿದರು. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ, ಕೂಡಲೇ ಜೊತೆಯವನಿಗೆ ಕೊಡಬೇಕು. ಇನ್ನೊಂದರಲ್ಲಿ ಅಭ್ಯಾಸವಿಲ್ಲದ ಕಾಲಿನಿಂದಲೇ ಆಡಬೇಕು. ಒಬ್ಬನ ಚಮತ್ಕಾರಕ್ಕಿಂತ ಹನ್ನೊಂದು ಜನರ ಹೊಂದಾಣಿಕೆ ದೊಡ್ಡದು ಎಂಬುದನ್ನು ಭಾಷಣ ಮಾಡದೆ ಹೀಗೆ ಆಟದಲ್ಲೇ ಕಲಿಸಿದರು. 1950ರಲ್ಲಿ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ವಹಿಸಿಕೊಂಡರು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದಿತು.

1951ರಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ತಂಡದ ಹೊಣೆ ರಹೀಮ್ ಅವರದು. ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅವರು ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿ ಬೆಳೆದವರು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವೂ ಅದೇ. ದೆಹಲಿಯಲ್ಲಿ ಮಾರ್ಚ್ 5ರಂದು ನಡೆದ ಮೊದಲ ಪಂದ್ಯದಲ್ಲಿ ಭಾರತ ಇಂಡೋನೇಷ್ಯಾವನ್ನು 3-0ರಿಂದ ಸೋಲಿಸಿತು. ನಂತರ ಅಫ್ಘಾನಿಸ್ತಾನದ ಮೇಲೂ 3-0 ಗೆಲುವು. ಮಾರ್ಚ್ 10ರ ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತು ಚಿನ್ನ ನಮ್ಮದಾಯಿತು. ತವರಿನ ಜನ ಏನು ಆಸೆಪಟ್ಟು ಬಂದಿದ್ದರೋ ಅದೆಲ್ಲ ಈಡೇರಿತು.

ಕತೆ ಇಲ್ಲಿಗೇ ಮುಗಿದಿದ್ದರೆ ನಮ್ಮ ಅಭಿಮಾನಿಗಳ ಲೆಕ್ಕವೇ ಸರಿ ಎನ್ನಬಹುದಿತ್ತು. ಆದರೆ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ನಮ್ಮ ಒಂದೇ ಗೋಲು ಅಹ್ಮದ್ ಖಾನ್ ಅವರದು. ಇಷ್ಟು ದೊಡ್ಡ ಸೋಲಾದರೂ ರಹೀಮ್ ಅವರು ಆಟ ಬಿಡಲಿಲ್ಲ. ಆಟಗಾರರು ಬೂಟು ಹಾಕಲೇಬೇಕೆಂಬ ನಿಯಮ ಬಂತು. ರಹೀಮ್ ಅವರು ಹೊರದೇಶಗಳ ಆಟವನ್ನು ಗಮನಿಸಿ ನಮ್ಮ ಹುಡುಗರನ್ನು ಹೊಸ ರೀತಿಯಲ್ಲಿ ನಿಲ್ಲಿಸಿ ಆಡಿಸಿದರು. ನಾಲ್ಕು ವರ್ಷಗಳ ನಂತರ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ನೆವಿಲ್ ಡಿಸೋಜಾ ಅವರವು. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯಾ ತಂಡ ಎಂಬ ಹೆಸರು ನಮ್ಮದಾಯಿತು. ಕೊನೆಗೆ ನಾಲ್ಕನೇ ಸ್ಥಾನ ಸಿಕ್ಕಿತು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಅವರಿಗೆ ಕ್ಯಾನ್ಸರ್ ಇತ್ತು. ಅಲ್ಲಿಯೂ ಮೊದಲ ಪಂದ್ಯ ಸೋಲು. ದಕ್ಷಿಣ ಕೊರಿಯಾ 2-0ರಿಂದ ಗೆದ್ದಿತು. ಮುಂದೆ ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂ ತಂಡಗಳನ್ನು ಗೆದ್ದು ಭಾರತ ಫೈನಲ್ ತಲುಪಿದಾಗ ಎದುರಿಗೆ ಮತ್ತೆ ಅದೇ ಕೊರಿಯಾ. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವರು ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ವೀಸಾ ಕೊಡದಿದ್ದುದನ್ನು ಭಾರತದ ಅಧಿಕಾರಿಯೊಬ್ಬರು ವಿರೋಧಿಸಿದ್ದರಿಂದ ಅಲ್ಲಿಯ ಜನಕ್ಕೆ ನಮ್ಮ ಮೇಲೆ ಸಿಟ್ಟಿತ್ತು. ತುಂಬಿದ ಸ್ಟೇಡಿಯಂ ನಮ್ಮ ತಂಡದ ವಿರುದ್ಧ ಕೂಗುತ್ತಿತ್ತು. ಆ ಗದ್ದಲದ ನಡುವೆ ಪಾಕಿಸ್ತಾನದ ಹಾಕಿ ಆಟಗಾರರು ಭಾರತಕ್ಕಾಗಿ ಚಪ್ಪಾಳೆ ತಟ್ಟಿದ್ದನ್ನು ನಮ್ಮ ಆಟಗಾರರು ಮುಂದೆ ನೆನೆದಿದ್ದಾರೆ. ಸೆಪ್ಟೆಂಬರ್ 4ರ ಆ ಫೈನಲ್‌ನಲ್ಲಿ ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಗೋಲು ಹೊಡೆದರು. ಭಾರತ 2-1ರಿಂದ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಮ್ ಅವರು ತೀರಿಕೊಂಡರು. ಆಗ ಅವರಿಗೆ ಇನ್ನೂ 54 ತುಂಬಿರಲಿಲ್ಲ. ಅವರ ಮಗ ಎಸ್. ಎಸ್. ಹಕೀಮ್ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಅವರು 2021ರಲ್ಲಿ ನಮ್ಮ ಕಲಬುರಗಿಯಲ್ಲಿ ನಿಧನರಾದರು. ರಹೀಮ್ ಅವರ ನಂತರ ಭಾರತದ ಪುರುಷರ ತಂಡ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿಲ್ಲ. ಅಭಿಮಾನಿಗಳು ಕಾಯುತ್ತಲೇ ಇದ್ದಾರೆ. ಕಾದರೆ ಫಲ ಸಿಗುವುದೂ ಉಂಟು. 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದ ನಮ್ಮ ರಾಜ್ಯ ಅದನ್ನು ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ.

ಕಾಮರ್ಸ್ ಓದುವ ನಮಗೆ ಇದು ಅರ್ಥವಾಗಬೇಕು. ಆರಂಭಿಕ ಶಿಲ್ಕು ನೋಡಿ ಯಾರೂ ವರ್ಷದ ಲಾಭ ನಷ್ಟ ಹೇಳುವುದಿಲ್ಲ. ಮೊದಲ ಪಂದ್ಯ ಗೆದ್ದು ಚಿನ್ನ ತಂದವರು ರಹೀಮ್ ಸಾಹೇಬರು. ಮೊದಲ ಪಂದ್ಯ ಸೋತೂ ಚಿನ್ನ ತಂದವರು ಅವರೇ.

ನಮ್ಮ ಹುಡುಗರು ಗೆಲ್ಲಲಿ ಎಂದು ನಾನೂ ದುವಾ ಮಾಡುತ್ತೇನೆ. ಜೊತೆಗೆ ಇನ್ನೆರಡು ಆಸೆಗಳಿವೆ. ಜೋಯಿಡಾದಿಂದಲೋ ಮುಂಡಗೋಡದಿಂದಲೋ ದೂರದ ದಾರಿ ಬಸ್ಸಿನಲ್ಲಿ ಬರುವ ಎದುರಾಳಿ ತಂಡಕ್ಕೆ ನಮ್ಮ ಮೈದಾನದಲ್ಲಿ ಕೂಗಾಟದ ಅವಮಾನ ಆಗಬಾರದು. ಅವರು ಒಳ್ಳೆಯ ಗೋಲು ಹೊಡೆದರೆ ನಮ್ಮ ಕಡೆಯಿಂದಲೂ ಚಪ್ಪಾಳೆ ಬೀಳಲಿ. ಎರಡನೆಯದು, ನಾವು ಸೋತರೆ ಆ ಸಂಜೆ ಗೋಲ್‌ಕೀಪರ್ ಒಬ್ಬನೇ ಮನೆಗೆ ಹೋಗುವಂತಾಗಬಾರದು. ಎರಡನೇ ಪಂದ್ಯದ ದಿನವೂ ಮೈದಾನದ ಸುತ್ತ ಇಷ್ಟೇ ಜನ ನಿಂತಿರಬೇಕು.