ಆಟದ ನೋಟಕ್ಕೆ ಬೆಲೆ ಕಟ್ಟಿದ ಬೆಂಗಳೂರಿಗ: ಮಾರ್ಕ್ ಮಸ್ಕರೇನ್ಹಸ್

ದೆಹಲಿಯ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಕ್ರಿಕೆಟ್ಟಿನ ಮಾತು ಬಂದರೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಎಂಬ ಹೆಸರುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಬ್ಯಾಟಿನಿಂದಾಗಲಿ ಚೆಂಡಿನಿಂದಾಗಲಿ ಹೆಸರು ಮಾಡದೆ, ಆಟದ ಹಣಕಾಸನ್ನೇ ತಲೆಕೆಳಗು ಮಾಡಿದ ಇನ್ನೊಬ್ಬ ಬೆಂಗಳೂರಿಗರನ್ನು ನೆನೆಯುವವರು ಮಾತ್ರ ವಿರಳ. ಮಾರ್ಕ್ ಮಸ್ಕರೇನ್ಹಸ್ ಅವರು ತೀರಿಕೊಂಡು ಎರಡು ದಶಕಗಳಿಗೂ ಮೀರಿದ ಕಾಲ ಸಂದಿದೆ. ಸಚಿನ್ ತೆಂಡೂಲ್ಕರರ ವ್ಯವಹಾರ ನೋಡಿಕೊಂಡವರು ಎಂಬಷ್ಟಕ್ಕೇ ಅವರ ನೆನಪು ಉಳಿದಿದೆ. ಅದು ಅವರ ಬಾಳಿನ ಅರ್ಧಭಾಗ ಮಾತ್ರ. ಉಳಿದರ್ಧ ನಮ್ಮ ನಿಮ್ಮ ಮನೆಯ ಟಿವಿ ಪೆಟ್ಟಿಗೆಗೆ ಸಂಬಂಧಿಸಿದ್ದು.

ಮಾರ್ಕ್ ಅವರು 1957ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಉನ್ನತ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ತೆರಳಿ ಅಲ್ಲಿಯೇ ನೆಲೆಸಿದರು. ಸಿಬಿಎಸ್ ಎಂಬ ಪ್ರಸಿದ್ಧ ಟೆಲಿವಿಷನ್ ಸಂಸ್ಥೆಯ ಕ್ರೀಡಾ ವಿಭಾಗದಲ್ಲಿ ದುಡಿದರು. ಅಮೆರಿಕದಲ್ಲಿ ಆಟಕ್ಕೂ ಟೆಲಿವಿಷನ್ನಿಗೂ ಇರುವ ನಂಟು ಅಂದಿನ ಭಾರತದವರ ಊಹೆಗೆ ನಿಲುಕುವಂಥದ್ದಾಗಿರಲಿಲ್ಲ. ಅಲ್ಲಿ ಲೀಗುಗಳು ತಮ್ಮ ಆಟವನ್ನು ತೋರಿಸುವ ಹಕ್ಕನ್ನು ಹರಾಜಿಗಿಡುತ್ತವೆ; ವಾಹಿನಿಗಳು ಮುಂಗಡವಾಗಿ ದೊಡ್ಡ ಮೊತ್ತ ತೆತ್ತು, ಆಮೇಲೆ ಜಾಹೀರಾತುಗಳಿಂದ ಅದನ್ನು ಮರಳಿ ಗಳಿಸುತ್ತವೆ. ಮೈದಾನದಲ್ಲಿ ಟಿಕೆಟ್ ಕೊಂಡು ಕುಳಿತ ಐವತ್ತು ಸಾವಿರ ಜನಕ್ಕಿಂತ, ಮನೆಯಲ್ಲಿ ಕುಳಿತ ಐದು ಕೋಟಿ ಜನರೇ ಆಟದ ನಿಜವಾದ ಸಂಪತ್ತು ಎಂಬ ಪಾಠವನ್ನು ಮಾರ್ಕ್ ಕಲಿತದ್ದು ಅಲ್ಲಿ. 1980ರ ದಶಕದ ಕೊನೆಯ ವೇಳೆಗೆ ಅವರು ಕನೆಕ್ಟಿಕಟ್ ರಾಜ್ಯದಲ್ಲಿ ವರ್ಲ್ಡ್‌ಟೆಲ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು.

ಆಗ ನಮ್ಮಲ್ಲಿ ಹೇಗಿತ್ತೆಂಬುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬಲಾರರು. ಮುನಿರ್ಕಾದ ಡಿಡಿಎ ಫ್ಲ್ಯಾಟುಗಳ ತಾರಸಿಯ ಮೇಲೆ ಆಂಟೆನಾಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದ ಕಾಲವದು. ತೋರಿಸುವುದು ದೂರದರ್ಶನ ಒಂದೇ. ಅದು ಕ್ರಿಕೆಟ್ ಮಂಡಳಿಗೆ ಹಣ ಕೊಡುವ ಮಾತಿರಲಿ, ಪಂದ್ಯವೊಂದನ್ನು ಪ್ರಸಾರ ಮಾಡಿಕೊಡಲು ಮಂಡಳಿಯಿಂದಲೇ 5 ಲಕ್ಷ ರೂಪಾಯಿ ಕೇಳುತ್ತಿತ್ತೆಂದು ಮಂಡಳಿಯ ಹಳಬರು ಹೇಳಿದ್ದುಂಟು. ಬೆಳೆದವನೇ ಮಂಡಿಯವನಿಗೆ ದುಡ್ಡು ತೆತ್ತು ತನ್ನ ಬೆಳೆಯನ್ನು ಒಪ್ಪಿಸಿಬಂದಂತೆ! 1991ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ತಂಡ ಭಾರತಕ್ಕೆ ಬಂದಾಗ, ಆ ದೇಶದವರು ಪ್ರಸಾರದ ಹಕ್ಕು ಯಾರದೆಂದು ವಿಚಾರಿಸಿದರು. ಇಂಥದೊಂದು ಸ್ವತ್ತು ತಮ್ಮ ಕೈಯಲ್ಲಿದೆ ಎಂಬುದು ಮಂಡಳಿಯವರಿಗೆ ಮನವರಿಕೆಯಾದದ್ದೇ ಆಗ.

ಅಲ್ಲಿಂದಾಚೆಗೆ ವ್ಯಾಜ್ಯ ಶುರುವಾಯಿತು. 1993ರ ನವೆಂಬರಿನ ಹೀರೋ ಕಪ್ ಪಂದ್ಯಾವಳಿಯನ್ನು ಬಂಗಾಳ ಕ್ರಿಕೆಟ್ ಸಂಸ್ಥೆಯು ಟ್ರಾನ್ಸ್‌ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಸಂಸ್ಥೆಗೆ ಮಾರಿತು. ಸರ್ಕಾರ 1885ರ ಟೆಲಿಗ್ರಾಫ್ ಕಾಯಿದೆಯನ್ನು ಮುಂದೊಡ್ಡಿತು. ಸುಂಕದವರು ಆ ಸಂಸ್ಥೆಯ ಉಪಕರಣಗಳನ್ನು ತಡೆಹಿಡಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅನಿಲ್ ಕುಂಬ್ಳೆ ಈಡನ್ ಗಾರ್ಡನ್ಸಿನಲ್ಲಿ 12 ರನ್ನಿಗೆ 6 ವಿಕೆಟ್ ಕಿತ್ತದ್ದು ಇದೇ ಪಂದ್ಯಾವಳಿಯ ಫೈನಲ್ಲಿನಲ್ಲಿ. ಆ ಸಂಜೆಯ ಸಂಭ್ರಮದ ಹಿಂದೆ ಇಷ್ಟೊಂದು ಕಾಗದಪತ್ರಗಳ ಹೋರಾಟವಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ. 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ ಅಂತಿಮ ತೀರ್ಪಿತ್ತಿತು. ವಾಯುತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂಬುದು ಅದರ ಸಾರ. ದೂರದರ್ಶನದ ಒಂಟಿ ಅಧಿಕಾರಕ್ಕೆ ಕಾನೂನಿನ ಬೆಂಬಲ ಅಲ್ಲಿಗೆ ತಪ್ಪಿತು.

ಈ ಗೊಂದಲದ ನಡುವೆಯೇ ಮಾರ್ಕ್ ತಮ್ಮ ದೊಡ್ಡ ಪಣ ಹೂಡಿದರು. 1996ರ ವಿಶ್ವಕಪ್ಪು ಭಾರತ, ಪಾಕಿಸ್ತಾನ, ಶ್ರೀಲಂಕಾಗಳಲ್ಲಿ ನಡೆಯುವುದೆಂದು 1993ರಲ್ಲಿ ತೀರ್ಮಾನವಾಗಿತ್ತು. ಮೂರೂ ದೇಶಗಳ ಜಂಟಿ ಸಮಿತಿ ಪಿಲ್ಕಾಮ್; ಅದರ ಸೂತ್ರ ಹಿಡಿದವರು ಜಗಮೋಹನ ದಾಲ್ಮಿಯಾ. ಪ್ರಸಾರ ಹಕ್ಕಿಗಾಗಿ ವರ್ಲ್ಡ್‌ಟೆಲ್ ಕೊಡಲೊಪ್ಪಿದ್ದು 1 ಕೋಟಿ ಡಾಲರ್. ಅಂದಿನ ವಿನಿಮಯ ದರದಲ್ಲಿ ಮೂವತ್ತು ಕೋಟಿ ರೂಪಾಯಿಗೂ ಮಿಕ್ಕ ಹಣ. ಕ್ರಿಕೆಟ್ ಜಗತ್ತು ಅಂಥ ಅಂಕಿಯನ್ನು ಅದುವರೆಗೆ ಕಂಡಿರಲಿಲ್ಲ.

ಬ್ಯಾಂಕಿನ ಕೆಲಸದಲ್ಲಿ ವರ್ಷಗಳನ್ನು ಕಳೆದ ನಮಗೆ ಈ ವ್ಯವಹಾರದಲ್ಲಿ ಅಚ್ಚರಿ ಹುಟ್ಟಿಸುವುದು ಮೊತ್ತವಲ್ಲ, ಅದರ ಸ್ವರೂಪ. ಇದು ಕನಿಷ್ಠ ಖಾತರಿಯ ಒಪ್ಪಂದ. ಹಕ್ಕು ಕೊಂಡವನು ಮುಂದೆ ಎಷ್ಟೇ ಗಳಿಸಲಿ ಬಿಡಲಿ, ಒಪ್ಪಿದ ಹಣವನ್ನು ಕೊಡಲೇಬೇಕು. ಸಾಲ ಕೇಳಲು ಬಂದವನ ಬಳಿ ನಾವು ಮನೆಯ ಪತ್ರ, ಒಡವೆ, ಯಂತ್ರೋಪಕರಣ ಏನಿದೆಯೆಂದು ನೋಡುತ್ತೇವೆ. ಮಾರ್ಕ್ ಕೈಯಲ್ಲಿದ್ದುದಾದರೋ ಇನ್ನೂ ನಡೆಯದ ಆಟದ, ಇನ್ನೂ ತೆಗೆಯದ ಚಿತ್ರ. ಮಳೆ ಬಂದರೆ ಅದು ಇಲ್ಲ, ಗಲಭೆಯಾದರೆ ಇಲ್ಲ, ಭಾರತ ಬೇಗನೆ ಸೋತು ಹೊರಬಿದ್ದರೆ ಕೊಳ್ಳುವ ಜಾಹೀರಾತುದಾರನೂ ಇಲ್ಲ. ಇಂಥ ಅಡಮಾನದ ಮೇಲೆ ಯಾವ ಶಾಖಾ ವ್ಯವಸ್ಥಾಪಕರೂ ಸಾಲದ ಕಾಗದಕ್ಕೆ ಸಹಿ ಹಾಕಲಾರರು.

ಕೊಂಡದ್ದನ್ನು ಅವರು ಬಿಡಿಬಿಡಿಯಾಗಿ ಮಾರಿದ ಬಗೆಯೂ ಗಮನಾರ್ಹ. ಒಂದೇ ಚಿತ್ರವನ್ನು ದೇಶಕ್ಕೊಬ್ಬರಂತೆ ಹಲವರಿಗೆ ಮಾರಬಹುದು, ಮಾರಿದಷ್ಟೂ ಅದು ಸವೆಯದು. ಬ್ರಿಟನ್ನಿನಲ್ಲಿ ಸ್ಕೈ, ಆಸ್ಟ್ರೇಲಿಯದಲ್ಲಿ ಚಾನೆಲ್ ನೈನ್, ಭಾರತದಲ್ಲಿ ಮತ್ತೆ ನಮ್ಮ ದೂರದರ್ಶನ. ಒಂದು ಕಾಲಕ್ಕೆ ಮಂಡಳಿಯಿಂದ ಹಣ ಕೇಳುತ್ತಿದ್ದ ಮಂಡಿ ಹೌಸಿನ ಅಧಿಕಾರಿಗಳು ಈಗ ಬೆಂಗಳೂರಿನ ಈ ವ್ಯಾಪಾರಿಯೊಂದಿಗೆ ಚೌಕಾಸಿಗೆ ಕೂರಬೇಕಾಯಿತು. ಭಾರತದ ಮನೆಗಳನ್ನು ತಲುಪಲು ದೂರದರ್ಶನದಷ್ಟು ಹರಡಿದ ಜಾಲ ಬೇರೊಂದಿರಲಿಲ್ಲವಾದ್ದರಿಂದ ಮಾರ್ಕ್ ಅವರಿಗೂ ಅದನ್ನು ಬಿಟ್ಟರೆ ಗತಿಯಿರಲಿಲ್ಲ. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಡಲಾಗದ ಸ್ಥಿತಿ. ಚೌಕಾಸಿ ಎಂಬುದು ನಿಜವಾಗಿ ಹುಟ್ಟುವುದೇ ಅಲ್ಲಿ.

ಪಂದ್ಯಾವಳಿ ಆರಂಭವಾಗುವ ಮೊದಲೇ ಅಪಶಕುನ. 1996ರ ಜನವರಿ 31ರಂದು ಕೊಲಂಬೊದ ಕೇಂದ್ರ ಬ್ಯಾಂಕಿನ ಬಳಿ ಭೀಕರ ಬಾಂಬ್ ಸ್ಫೋಟವಾಗಿ, ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ತಂಡಗಳು ಅಲ್ಲಿ ಆಡಲು ನಿರಾಕರಿಸಿದವು. ಎರಡು ಪಂದ್ಯಗಳು ನಡೆಯಲೇ ಇಲ್ಲ. ಆದರೆ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ವಾರ್ಟರ್ ಫೈನಲಿಗೆ ಭಾರತವೂ ಪಾಕಿಸ್ತಾನವೂ ಎದುರಾದವು. ವೆಂಕಟೇಶ ಪ್ರಸಾದ್ ಅಂದು ಅಮೀರ್ ಸೊಹೇಲರ ಸ್ಟಂಪು ಉರುಳಿಸಿದ್ದನ್ನು ನೋಡದ ಕನ್ನಡಿಗನಿಲ್ಲ. ಆಗತಾನೆ ಕೆಲಸಕ್ಕೆ ಸೇರಿ ಮುನಿರ್ಕಾದಲ್ಲಿ ಬಾಡಿಗೆಗಿದ್ದ ನಾವೂ ನೆರೆಮನೆಯವರ ಟಿವಿಯ ಮುಂದೆ ಚಾಪೆಯ ಮೇಲೆ ಕುಳಿತು ನೋಡಿದೆವು. ಮೈದಾನ ಬೆಂಗಳೂರಿನದು, ಚೆಂಡೆಸೆದವರು ಬೆಂಗಳೂರಿನವರು. ದೆಹಲಿಯಲ್ಲಿ ಕುಳಿತ ನಮ್ಮವರೆಗೆ ಬಂದ ಆ ಚಿತ್ರದ ಹಕ್ಕೂ ಬೆಂಗಳೂರಿನಲ್ಲಿ ಹುಟ್ಟಿದವರದೇ ಎಂಬುದು ಅಂದು ನಮಗೆ ತಿಳಿದಿರಲಿಲ್ಲ. ಹಕ್ಕುದಾರನ ದೃಷ್ಟಿಯಿಂದ ಹೇಳುವುದಾದರೆ, ಆ ಸಂಜೆಯ ಪಂದ್ಯವನ್ನು ಯಾವ ಕರಾರುಪತ್ರವೂ ಮುಂದಾಗಿ ಭರವಸೆ ಕೊಡಲಾರದು. ಅದು ಅದೃಷ್ಟ.

ಇದು ನಮ್ಮಲ್ಲಿ ಮಾತ್ರ ನಡೆದ ಕತೆಯಲ್ಲ. ಸರಿಸುಮಾರು ಅದೇ ವೇಳೆಗೆ, 1995ರಲ್ಲಿ, ಆಸ್ಟ್ರೇಲಿಯದ ರಗ್ಬಿ ಲೀಗಿನಲ್ಲಿ ಟಿವಿ ಹಕ್ಕಿಗಾಗಿ ನೇರ ಯುದ್ಧವೇ ನಡೆಯಿತು. ಹಕ್ಕು ಕೆರಿ ಪ್ಯಾಕರರ ಬಳಿ ಇತ್ತು. ಹಣ ಕೊಟ್ಟು ನೋಡುವ ಟಿವಿಗೆ ಆಟ ಬೇಕಾಗಿದ್ದ ರೂಪರ್ಟ್ ಮರ್ಡೋಕರ ಸಂಸ್ಥೆ ಹಕ್ಕಿನ ಗೊಡವೆಗೇ ಹೋಗದೆ, ಆಟಗಾರರನ್ನೂ ಕ್ಲಬ್ಬುಗಳನ್ನೂ ಸೆಳೆದು ಸೂಪರ್ ಲೀಗ್ ಎಂಬ ಬೇರೆ ಪಂದ್ಯಾವಳಿ ಕಟ್ಟಿತು. 1997ರಲ್ಲಿ ಒಂದೇ ಆಟಕ್ಕೆ ಎರಡು ಲೀಗುಗಳು ನಡೆದು, ಅಭಿಮಾನಿಗಳು ಬೇಸತ್ತು, 1998ರಲ್ಲಿ ಎರಡೂ ಒಂದಾಗಬೇಕಾಯಿತು. ಮಾರ್ಕ್ ಆಟವನ್ನು ಒಡೆಯಲಿಲ್ಲ. ಇದ್ದ ಮಂಡಳಿಗಳ ಬಾಗಿಲಿಗೇ ಹೋಗಿ ಹೆಚ್ಚು ಬೆಲೆ ಹೇಳಿದರು. ಅವರ ಪರವಾಗಿ ಇಷ್ಟನ್ನಾದರೂ ಹೇಳಲೇಬೇಕು.

1995ರಲ್ಲಿ ರವಿ ಶಾಸ್ತ್ರಿಯವರ ಮೂಲಕ ಅವರಿಗೆ ಸಚಿನ್ ತೆಂಡೂಲ್ಕರರ ಪರಿಚಯವಾಯಿತು. ಐದು ವರ್ಷಗಳಿಗೆ 25ರಿಂದ 30 ಕೋಟಿ ರೂಪಾಯಿಯಷ್ಟರ ಒಪ್ಪಂದವೆಂದು ಪತ್ರಿಕೆಗಳು ಬರೆದವು. ಆಟಗಾರರು ಪಂದ್ಯದ ಸಂಭಾವನೆಯನ್ನೂ ಬ್ಯಾಂಕು, ರೈಲ್ವೆಗಳ ನೌಕರಿಯನ್ನೂ ನೆಚ್ಚಿ ಬದುಕುತ್ತಿದ್ದ ದೇಶದಲ್ಲಿ ಇದು ನಂಬಲಾಗದ ಸುದ್ದಿ. ಇಲ್ಲಿಯೂ ಮಾರ್ಕ್ ಮಾಡಿದ್ದು ಅದೇ ಖಾತರಿಯ ಲೆಕ್ಕ: ಗಳಿಕೆ ಆಮೇಲೆ, ಆಟಗಾರನಿಗೆ ಭರವಸೆ ಮೊದಲು. ಹಣದ ಚಿಂತೆಯನ್ನು ತಾವು ಹೊತ್ತು ಇಪ್ಪತ್ತೆರಡರ ತರುಣನನ್ನು ಬ್ಯಾಟಿಂಗಿಗೆ ಬಿಟ್ಟರು. 2001ರಲ್ಲಿ ಇನ್ನೂ ದೊಡ್ಡ ಮೊತ್ತಕ್ಕೆ ಆ ಒಪ್ಪಂದ ಮುಂದುವರಿಯಿತು.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. 2000ದಲ್ಲಿ ಪಂದ್ಯ ಮೋಸದಾಟದ ಹಗರಣ ಬಯಲಾದಾಗ ಪ್ರಸಾರ ಹಕ್ಕುಗಳ ವ್ಯವಹಾರದ ಮೇಲೂ ತನಿಖೆಯ ಕಣ್ಣು ಬಿತ್ತು. 1998ರ ಢಾಕಾ ಪಂದ್ಯಾವಳಿಯ ಹಕ್ಕು ದೂರದರ್ಶನಕ್ಕೆ ಬಂದ ರೀತಿಯೂ ಪ್ರಶ್ನೆಗೊಳಗಾಯಿತು. ಯಾವ ನ್ಯಾಯಾಲಯವೂ ಮಾರ್ಕ್ ಅವರನ್ನು ತಪ್ಪಿತಸ್ಥರೆಂದು ಹೇಳಲಿಲ್ಲವಾದರೂ ಆ ನೆರಳು ಅವರ ಕೊನೆಯ ವರ್ಷಗಳ ಮೇಲೆ ಇತ್ತು. ಅದೇ ವರ್ಷ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2003 ಮತ್ತು 2007ರ ವಿಶ್ವಕಪ್ಪುಗಳೂ ಸೇರಿದ ತನ್ನ ಹಕ್ಕುಗಳನ್ನು ಗ್ಲೋಬಲ್ ಕ್ರಿಕೆಟ್ ಕಾರ್ಪೊರೇಷನ್ ಎಂಬ ಕೂಟಕ್ಕೆ 55 ಕೋಟಿ ಡಾಲರಿಗೆ ಮಾರಿತು. ಅದರ ಹಿಂದಿದ್ದದ್ದು ಮರ್ಡೋಕರ ಹಣ. ನಾಲ್ಕು ವರ್ಷಗಳ ಹಿಂದೆ ಕೋಟಿ ಡಾಲರಿನಿಂದ ಎಲ್ಲರನ್ನೂ ಬೆರಗುಗೊಳಿಸಿದವರಿಗೆ, ತಾವೇ ಏರಿಸಿದ ಬೆಲೆ ಕೈಗೆಟುಕದಾಯಿತು.

ಆ ಬೆಲೆ ಆಮೇಲೂ ನಿಲ್ಲಲಿಲ್ಲ. 2008ರಲ್ಲಿ ಐಪಿಎಲ್‌ನ ಹತ್ತು ವರ್ಷದ ಹಕ್ಕು 100 ಕೋಟಿ ಡಾಲರ್ ದಾಟಿತು. 2023ರಿಂದ 2027ರವರೆಗಿನ ಐದು ಋತುಗಳ ಹಕ್ಕು 2022ರ ಹರಾಜಿನಲ್ಲಿ 48,390 ಕೋಟಿ ರೂಪಾಯಿಗೆ ಹೋಯಿತು. ಇದರಿಂದ ಆಟಗಾರರು ಬದುಕು ಕಂಡರು. ಸಣ್ಣ ಊರುಗಳ ಹುಡುಗರಿಗೂ ಕ್ರಿಕೆಟ್ಟನ್ನು ಕಸುಬಾಗಿ ನೆಚ್ಚುವ ಧೈರ್ಯ ಬಂದಿತು. ಆದರೆ ನಮ್ಮಂಥ ಮಧ್ಯಮ ವರ್ಗದ ಮನೆಗಳು ಪುಕ್ಕಟೆ ನೋಡುತ್ತಿದ್ದ ಆಟಕ್ಕೆ ತಿಂಗಳ ಶುಲ್ಕ ಬಿದ್ದಿತು. ಸಂಸತ್ತು 2007ರಲ್ಲಿ ಕಾಯಿದೆ ತಂದು, ರಾಷ್ಟ್ರೀಯ ಮಹತ್ವದ ಪಂದ್ಯಗಳ ಚಿತ್ರವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂದು ವಿಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಂಚಿಕೆ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಖಾಸಗಿ ಕೇಬಲಿನವರಿಗೆ ದಾಟಿಸುವಂತಿಲ್ಲವೆಂದಿತು. ವಾಯುತರಂಗ ಜನರದೆಂದ ನ್ಯಾಯಾಲಯವೇ ಅದರ ಮೇಲೆ ಹರಿದು ಬರುವ ಆಟ ಕೊಂಡವನದೆಂದು ಒಪ್ಪಬೇಕಾಯಿತು. ಈ ತಿಕ್ಕಾಟಕ್ಕೆ ಮಾರ್ಕ್ ಒಬ್ಬರೇ ಕಾರಣರೆನ್ನುವುದು ಅನ್ಯಾಯ. ಅವರು ಇಲ್ಲದಿದ್ದರೆ ಇನ್ನೊಬ್ಬರು ಆ ಬಾಗಿಲು ತೆರೆಯುತ್ತಿದ್ದರು. ಆದರೆ ಉಳಿದವರು ಲೆಕ್ಕ ಹಾಕುತ್ತಿದ್ದಾಗ ಸ್ವಂತ ಹಣ ಇಟ್ಟವರು ಅವರು.

2002ರ ಜನವರಿ 27ರಂದು, ಭಾನುವಾರ, ನಾಗಪುರದ ಬಳಿ ನಡೆದ ರಸ್ತೆ ಅಪಘಾತದಲ್ಲಿ ಮಾರ್ಕ್ ಮಸ್ಕರೇನ್ಹಸ್ ಮೃತಪಟ್ಟರು. ವಯಸ್ಸು 44. ಭಾರತ ತಂಡ ಅಂದು ಇಂಗ್ಲೆಂಡ್ ವಿರುದ್ಧದ ಒಂದು ದಿನದ ಪಂದ್ಯಕ್ಕಾಗಿ ಕಾನ್ಪುರದಲ್ಲಿತ್ತು. ಮರುದಿನ ತೆಂಡೂಲ್ಕರರು ಆಟ ಆರಂಭಿಸಲು ಬಂದು 87 ರನ್ ಗಳಿಸಿ ಔಟಾಗದೆ ಉಳಿದರು. ಭಾರತ ಸುಲಭವಾಗಿ ಗೆದ್ದಿತು. ಮೂರು ದಿನಗಳ ಬಳಿಕ ಅದೇ ತಂಡ ನಮ್ಮ ಫಿರೋಜ್ ಷಾ ಕೋಟ್ಲಾಕ್ಕೆ ಬಂದಿತು.

2013ರ ನವೆಂಬರ್ 16ರಂದು ವಾಂಖೆಡೆ ಕ್ರೀಡಾಂಗಣದಲ್ಲಿ ನಿವೃತ್ತಿಯ ಮಾತಾಡಲು ನಿಂತ ತೆಂಡೂಲ್ಕರರು ನೆನೆಯಬೇಕಾದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ತಂದೆ, ತಾಯಿ, ಅಣ್ಣ ಅಜಿತ್, ಗುರು ಆಚ್ರೇಕರ್ ಮೊದಲಾದವರನ್ನು ಸ್ಮರಿಸಿದ ಆ ಭಾಷಣದಲ್ಲಿ, ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದ ಮಾರ್ಕ್ ಮಸ್ಕರೇನ್ಹಸ್ ಅವರ ಹೆಸರೂ ಬಂದಿತು. ಅದನ್ನು ಇಡೀ ದೇಶ ಟೆಲಿವಿಷನ್ನಿನಲ್ಲಿ ನೇರವಾಗಿ ನೋಡಿತು.